ಕೂಡಿಬಾರದ ಲೆಕ್ಕ

ವಿಮಾನ ನಗರದ ಹೊಟೇಲು, ಕಚೇರಿಗಳಲ್ಲಿ ದುಡಿಯುವ ನಮಗೆ ತಲೆಯ ಮೇಲಿನ ವಿಮಾನ ಹೊಸತಲ್ಲ. 1971ರ ನವೆಂಬರ್ 24ರಂದು ಅಮೆರಿಕದಲ್ಲಿ ಡ್ಯಾನ್ ಕೂಪರ್ ಎಂಬ ಹೆಸರಿನಲ್ಲಿ ಟಿಕೆಟು ಕೊಂಡವನೊಬ್ಬನು ಬಾಂಬಿನ ಬೆದರಿಕೆಯೊಡ್ಡಿ ವಿಮಾನವನ್ನು ಅಪಹರಿಸಿ, 2,00,000 ಡಾಲರು ಪಡೆದು, ಕತ್ತಲಲ್ಲಿ ಪ್ಯಾರಾಚೂಟಿನೊಡನೆ ಧುಮುಕಿ ಮರೆಯಾದನು. 1980ರಲ್ಲಿ ಬಾಲಕನೊಬ್ಬನಿಗೆ ಕೊಲಂಬಿಯಾ ನದಿಯ ದಡದಲ್ಲಿ ದೊರೆತುದು 5,800 ಡಾಲರು ಮಾತ್ರ.

2016ರಲ್ಲಿ ಎಫ್.ಬಿ.ಐ. ಶೋಧನೆಯನ್ನು ನಿಲ್ಲಿಸಿತು, ಹವ್ಯಾಸಿ ಪತ್ತೇದಾರರು ನಿಲ್ಲಿಸಲಿಲ್ಲ. ಅವನು ಬಿಟ್ಟುಹೋದ ಟೈಯ ಧೂಳನ್ನೂ ಪರೀಕ್ಷಿಸಿದರು. ಆ ಛಲ ಮೆಚ್ಚತಕ್ಕುದೇ. ಆದರೆ ಸತ್ತವರ ಹೆಸರನ್ನೆತ್ತಿ, 'ಇವನೇ ಕೂಪರ್' ಎಂದು ಸಾರುವುದು ನ್ಯಾಯವೆ? ಗಲ್ಲಾಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಮೊದಲು ಯಾರ ಮೇಲೆ ಕಣ್ಣು ಬೀಳುವುದೆಂಬುದನ್ನು ನಾವು ಬಲ್ಲೆವು. ಲೆಕ್ಕ ಕೂಡಿಬಾರದಿದ್ದರೆ ಕೂಡಿಬರಲಿಲ್ಲವೆಂದೇ ಬರೆದಿಡಬೇಕು. ಸಿಕ್ಕವರ ಹೆಸರಿಗೆ ಖರ್ಚು ಹಾಕಬಾರದು.