ಪ್ರಾಧ್ಯಾಪಕರ ಮನೆಯಲ್ಲಿ ಹುಟ್ಟಿದ ಬಾನುಲಿ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಜಾಗದಿಂದ 1902ರಲ್ಲಿ ಹೊರಟ ಕರೆಂಟು ಮೊದಲು ಸೇರಿದ್ದು ಕೋಲಾರದ ಚಿನ್ನದ ಗಣಿಯನ್ನು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು, ಆಮೇಲೆ ಮೈಸೂರು. ಇದೇ ನೀರಿನ ಬಲದಿಂದ ಬೆಳಗುತ್ತಿದ್ದ ಮೈಸೂರಿನಲ್ಲಿ 1935ರ ಸೆಪ್ಟೆಂಬರ್ 10ರಂದು ಒಂದು ಮನೆಯೊಳಗಿಂದ ಕನ್ನಡದ ದನಿ ಗಾಳಿಯಲ್ಲಿ ಹರಿಯಿತು. ಮನೆಯ ಹೆಸರು ವಿಠ್ಠಲ ವಿಹಾರ. ಮನೆಯ ಯಜಮಾನರು ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ. ಅವರ ಬಳಿ ಇದ್ದದ್ದು 30 ವ್ಯಾಟ್‌ನ ಒಂದು ಟ್ರಾನ್ಸ್‌ಮಿಟರ್.

ಒಂದು ಬಲ್ಬಿಗೆ ಸಾಕಾಗುವಷ್ಟೇ ಶಕ್ತಿ. ಆದರೂ ಕರ್ನಾಟಕದ ಬಾನುಲಿಯ ಕಥೆ ಶುರುವಾಗುವುದು ಅಲ್ಲಿಂದಲೇ. ಅದನ್ನು ಶುರುಮಾಡಿದವರು ವ್ಯಾಪಾರಿಯಲ್ಲ, ಸರ್ಕಾರಿ ಅಧಿಕಾರಿಯೂ ಅಲ್ಲ. ಪಾಠ ಹೇಳುವುದೇ ಕಸುಬಾಗಿದ್ದ ಒಬ್ಬ ಮೇಷ್ಟ್ರು. ವಿಶ್ವವಿದ್ಯಾನಿಲಯಗಳು ತಮ್ಮದೇ ರೇಡಿಯೊ ನಡೆಸಬೇಕೇ ಎಂದು ಇಂದು ಯಾರಾದರೂ ಕೇಳಿದರೆ, ಇಡೀ ಕನ್ನಡ ನಾಡಿನ ರೇಡಿಯೊ ವಿಶ್ವವಿದ್ಯಾನಿಲಯದ ಅಂಗಳದಲ್ಲೇ ಹುಟ್ಟಿತೆಂಬುದನ್ನು ಅವರಿಗೆ ನೆನಪಿಸಬೇಕು. ಆ ಕೂಸು ಬೆಳೆದಂತೆ ಕೈಬಿಟ್ಟುಹೋಗಿ, ಎಪ್ಪತ್ತು ವರ್ಷಗಳ ಮೇಲೆ ತವರಿಗೆ ಮರಳಿದ್ದು ನಮ್ಮ ಸಾರ್ವಜನಿಕ ಬದುಕಿನ ಒಂದು ಮುಖ್ಯ ಅಧ್ಯಾಯ.

ತರಗತಿಯ ಗೋಡೆಯಾಚೆ

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದ ಗೋಪಾಲಸ್ವಾಮಿಯವರು 1924ರಲ್ಲಿ ಇಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ಕಲ್ಕತ್ತಾ ಬಿಟ್ಟರೆ ದೇಶದಲ್ಲಿ ಆ ವಿಷಯಕ್ಕೆ ಪ್ರತ್ಯೇಕ ವಿಭಾಗ ತೆರೆದದ್ದು ಮೈಸೂರೇ. ಪ್ರಯೋಗಾಲಯದ ಉಪಕರಣಗಳ ನಡುವೆ ಬೆಳೆದ ಅಧ್ಯಾಪಕನಿಗೆ ಹೊಸ ಯಂತ್ರದ ಅಂಜಿಕೆ ಇರಲಿಲ್ಲ.

ಆ ಕಾಲದ ಮೈಸೂರಿನ ಹವೆಯೂ ಹಾಗಿತ್ತು. ವಿಶ್ವವಿದ್ಯಾನಿಲಯದ ಅಧ್ಯಾಪಕರು ಪ್ರಚಾರೋಪನ್ಯಾಸಕ್ಕೆಂದು ಊರೂರಿಗೆ ಹೋಗುತ್ತಿದ್ದರು. ವಿಜ್ಞಾನ, ಆರೋಗ್ಯ, ಚರಿತ್ರೆಗಳನ್ನು ತಿಳಿಗನ್ನಡದಲ್ಲಿ ಹೇಳಿ, ಅವನ್ನೇ ಅಗ್ಗದ ಬೆಲೆಯ ಪುಟ್ಟ ಪುಸ್ತಕಗಳಾಗಿಯೂ ಅಚ್ಚು ಹಾಕಿಸುತ್ತಿದ್ದರು. ತೆರಿಗೆ ಕಟ್ಟುವ ರೈತನಿಗೂ ವಿದ್ಯೆಯಲ್ಲಿ ಪಾಲಿದೆ ಎಂಬ ನಂಬಿಕೆಯಿಂದ ನಡೆದ ಕೆಲಸ ಅದು. ಉಪನ್ಯಾಸಕರು ಬಸ್ಸು ಹತ್ತಿ ತಲುಪಲಾಗದ ಕಡೆಗೆ ರೇಡಿಯೊ ತಲುಪೀತು. ಹೀಗೆ ನೋಡಿದರೆ ಗೋಪಾಲಸ್ವಾಮಿಯವರ ಟ್ರಾನ್ಸ್‌ಮಿಟರ್ ಮೋಜಿನ ಸಾಮಾನಾಗಿರಲಿಲ್ಲ. ಮೈಸೂರು ಆಗಲೇ ಹಿಡಿದಿದ್ದ ದಾರಿಯ ಮುಂದಿನ ಹೆಜ್ಜೆಯಾಗಿತ್ತು.

ದೇಶದ ಸ್ಥಿತಿಯನ್ನೂ ಗಮನಿಸಬೇಕು. ಮದರಾಸಿನಲ್ಲಿ 1924ರಲ್ಲಿ ಹವ್ಯಾಸಿಗಳ ರೇಡಿಯೊ ಕ್ಲಬ್ ಶುರುವಾಗಿ, ಹಣವಿಲ್ಲದೆ ಸೊರಗಿತ್ತು. 1927ರಲ್ಲಿ ಬೊಂಬಾಯಿ ಮತ್ತು ಕಲ್ಕತ್ತಾದಲ್ಲಿ ಪ್ರಸಾರ ಆರಂಭಿಸಿದ ಖಾಸಗಿ ಕಂಪನಿ ಮೂರೇ ವರ್ಷಕ್ಕೆ ದಿವಾಳಿಯಾಗಿ, ಸರ್ಕಾರ ಅದನ್ನು ವಹಿಸಿಕೊಂಡಿತ್ತು. ಅದಕ್ಕೆ ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು ಬಂದದ್ದು 1936ರ ಜೂನ್‌ನಲ್ಲಿ. ವಿಠ್ಠಲ ವಿಹಾರದ ಪ್ರಸಾರ ಅದಕ್ಕಿಂತ ಒಂಬತ್ತು ತಿಂಗಳು ಹಿರಿಯದು.

ಮೈಸೂರಿನ ಈ ಕೇಂದ್ರ ನಿಂತದ್ದು ಪ್ರಾಧ್ಯಾಪಕರ ಹುಮ್ಮಸ್ಸು, ಸಾರ್ವಜನಿಕರ ದೇಣಿಗೆ ಮತ್ತು ನಗರದ ಪುರಸಭೆಯ ನೆರವಿನ ಮೇಲೆ. ಮುಂದೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಕೂಡ ಬಂತು. ಕಾಲೇಜಿನ ಬಳಗದಿಂದಲೇ ಬಂದ ಹಾಸ್ಯ ಸಾಹಿತಿ ನಾ. ಕಸ್ತೂರಿ ಕೇಂದ್ರದ ಕೆಲಸಕ್ಕೆ ಹೆಗಲು ಕೊಟ್ಟರು. ‘ಆಕಾಶವಾಣಿ’ ಎಂಬ ಹೆಸರನ್ನು ಕೆಲವರು ಗೋಪಾಲಸ್ವಾಮಿಯವರಿಗೂ ಕೆಲವರು ಕಸ್ತೂರಿಯವರಿಗೂ ಸಲ್ಲಿಸುತ್ತಾರೆ. ಯಾರು ಇಟ್ಟರೂ ಅದು ಮೈಸೂರಿನ ಕೊಡುಗೆ. 1950ರ ದಶಕದ ಉತ್ತರಾರ್ಧದಲ್ಲಿ ಇಡೀ ದೇಶದ ರೇಡಿಯೊ ಜಾಲವೇ ಆ ಹೆಸರು ಹೊತ್ತಿತು.

ಶಿವಪುರದ ಬಾವುಟ, ಗಾಳಿಯ ಒಡೆತನ

ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅಲ್ಲಿಯವರೆಗೆ ಮದ್ದೂರು, ಮಳವಳ್ಳಿ ಎಲ್ಲ ಮೈಸೂರು ಜಿಲ್ಲೆಗೇ ಸೇರಿದ್ದವು. ಪ್ರಾಧ್ಯಾಪಕರ ರೇಡಿಯೊ ಮೂರನೆಯ ವರ್ಷಕ್ಕೆ ಕಾಲಿಟ್ಟಿದ್ದಾಗ, 1938ರ ಏಪ್ರಿಲ್‌ನಲ್ಲಿ, ಅದೇ ಜಿಲ್ಲೆಯಲ್ಲಿ, ಮದ್ದೂರಿನ ಬಳಿ ಶಿಂಷಾ ದಡದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ನಿಷೇಧಾಜ್ಞೆ ಇತ್ತು. ಮೈಸೂರು ಕಾಂಗ್ರೆಸ್ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರನ್ನು ಬಂಧಿಸಿದರು. ಎಂ.ಎನ್. ಜೋಯಿಸರು ಮುಂದೆ ಬಂದು ಬಾವುಟ ಏರಿಸಿದರು. ಸಾವಿರಾರು ಜನ ಸೇರಿದ್ದರು. ಆ ತಿಂಗಳು ಮುಗಿಯುವುದರೊಳಗೆ ವಿದುರಾಶ್ವತ್ಥದಲ್ಲಿ ಇಂಥದೇ ಸಭೆಯ ಮೇಲೆ ಪೊಲೀಸರು ಗುಂಡು ಹಾರಿಸಿದರು.

ಬಾವುಟ ಏರಿಸುವುದು, ಭಾಷಣ ಮಾಡುವುದು ಅಪರಾಧವೆನಿಸಿದ್ದ ರಾಜ್ಯದಲ್ಲಿ ಗಾಳಿಯ ಮೂಲಕ ಮಾತು ಕಳಿಸುವ ಯಂತ್ರ ಎಷ್ಟು ದಿನ ಒಬ್ಬ ಮೇಷ್ಟ್ರ ಮನೆಯಲ್ಲಿ ಉಳಿದೀತು? ದೇಶದಲ್ಲಿ ತಂತಿ ಮತ್ತು ನಿಸ್ತಂತು ವ್ಯವಹಾರವನ್ನೆಲ್ಲ ಸರ್ಕಾರದ ಕೈಗೆ ಒಪ್ಪಿಸಿದ್ದು 1885ರ ಟೆಲಿಗ್ರಾಫ್ ಕಾಯ್ದೆ. ರೇಡಿಯೊ ಕೇಳುವುದಕ್ಕೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ಮೈಸೂರು ಕೇಂದ್ರಕ್ಕೆ ಖರ್ಚಿನ ಹೊರೆಯೂ ಹೆಚ್ಚುತ್ತಿತ್ತು. 1942ರ ಹೊಸ ವರ್ಷದೊಂದಿಗೆ ಅದು ಮೈಸೂರು ಸಂಸ್ಥಾನದ ಸರ್ಕಾರಕ್ಕೆ ಸೇರಿತು. ಸಂಬಳ, ಯಂತ್ರ, ಕಲಾವಿದರ ಸಂಭಾವನೆಗೆ ಭದ್ರತೆ ಸಿಕ್ಕಿತು. ಆದರೆ ಏನನ್ನು ಪ್ರಸಾರ ಮಾಡಬೇಕೆಂಬ ಕೊನೆಯ ಮಾತು ವಿದ್ಯಾವಂತರ ಬಳಗದಿಂದ ಸರ್ಕಾರದ ಕಚೇರಿಗೆ ಹೋಯಿತು.

1950ರ ಏಪ್ರಿಲ್ 1ರಂದು ಸಂಸ್ಥಾನಗಳ ರೇಡಿಯೊಗಳೆಲ್ಲ ಆಲ್ ಇಂಡಿಯಾ ರೇಡಿಯೊಗೆ ಸೇರಿದಾಗ ಮೈಸೂರೂ ಸೇರಿತು. ಆ ವರ್ಷದ ಜನವರಿಯಲ್ಲೇ ಧಾರವಾಡ ಕೇಂದ್ರ ಆರಂಭವಾಗಿತ್ತು. 1955ರ ನವೆಂಬರ್‌ನಲ್ಲಿ ಮೈಸೂರು ನಿಲಯ ಬೆಂಗಳೂರಿಗೆ ವರ್ಗವಾಯಿತು. ಆಕಾಶವಾಣಿಯ ತವರೂರಿಗೆ ಮತ್ತೆ ನಿಲಯ ದೊರೆಯಲು 1974ರವರೆಗೆ ಕಾಯಬೇಕಾಯಿತು.

ವಿಸ್ಕಾನ್ಸಿನ್‌ನಲ್ಲಿ ನಡೆದದ್ದು

ಇದೇ ಆಸೆ ಹೊತ್ತ ಇನ್ನೊಬ್ಬ ಪ್ರಾಧ್ಯಾಪಕರ ಕಥೆ ಬೇರೆ ದಾರಿ ಹಿಡಿಯಿತು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಅರ್ಲ್ ಟೆರ್ರಿ ಮತ್ತು ಅವರ ವಿದ್ಯಾರ್ಥಿಗಳು ರೇಡಿಯೊ ವಾಲ್ವುಗಳ ಗಾಜನ್ನು ತಾವೇ ಊದಿ ತಯಾರಿಸಿ, 9ಎಕ್ಸ್‌ಎಂ ಎಂಬ ಪ್ರಾಯೋಗಿಕ ಕೇಂದ್ರ ನಡೆಸಿದರು. ಮೊದಲು ತಂತಿ ಸಂಕೇತದಲ್ಲಿ, 1921ರಿಂದ ಮನುಷ್ಯರ ಮಾತಿನಲ್ಲೇ, ಹವಾಮಾನದ ಸುದ್ದಿ ಹಳ್ಳಿಗಳಿಗೆ ಹೋಗತೊಡಗಿತು. ಜೊತೆಗೆ ಮಾರುಕಟ್ಟೆಯ ಧಾರಣೆ. ಹಾಲು ಮಾರಿ ಬದುಕುವ ಆ ನಾಡಿನ ರೈತನಿಗೆ ಈ ಎರಡೂ ಹೊಟ್ಟೆಪಾಡಿನ ವಿಷಯ.

1922ರಲ್ಲಿ ಅದಕ್ಕೆ ಡಬ್ಲ್ಯುಎಚ್‌ಎ ಎಂಬ ಸಂಕೇತನಾಮ ಬಂತು. 1931ರಲ್ಲಿ ಹಳ್ಳಿಶಾಲೆಗಳಿಗಾಗಿ ‘ಸ್ಕೂಲ್ ಆಫ್ ದಿ ಏರ್’ ಆರಂಭವಾಯಿತು. ಒಬ್ಬರೇ ಮೇಷ್ಟ್ರಿರುವ ಶಾಲೆಗೂ ಸಂಗೀತ, ಚಿತ್ರಕಲೆ, ಪ್ರಕೃತಿಪಾಠ ತಲುಪಿತು. ಆ ಕೇಂದ್ರ ವಿಶ್ವವಿದ್ಯಾನಿಲಯದ ಕೈಯಲ್ಲೇ ಬೆಳೆದು, ಇಡೀ ರಾಜ್ಯವನ್ನು ತಲುಪುವ ಸಾರ್ವಜನಿಕ ರೇಡಿಯೊದ ಬುನಾದಿಯಾಯಿತು. ಬೆಳೆದ ಮೇಲೂ ಅಲ್ಲಿ ಅದು ವಿದ್ಯಾಸಂಸ್ಥೆಯ ಕೈಬಿಡಲಿಲ್ಲ. ನಮ್ಮಲ್ಲಿ ಬೆಳೆದದ್ದಕ್ಕೇ ಕೈತಪ್ಪಿತು. ಪ್ರತಿಭೆಯಲ್ಲಿ ಮೈಸೂರು ಕಡಿಮೆ ಇರಲಿಲ್ಲ, ಕಾನೂನು ಬೇರೆಯಾಗಿತ್ತು.

ಆಕಾಶವಾಣಿ ರೈತನನ್ನು ಮರೆಯಿತೆಂದು ಇದರ ಅರ್ಥವಲ್ಲ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಸುತ್ತಿನ 150 ಹಳ್ಳಿಗಳಲ್ಲಿ ‘ರೇಡಿಯೊ ಕೃಷಿಕೂಟ’ಗಳ ಪ್ರಯೋಗ ನಡೆಯಿತು. ರೈತರು ಒಟ್ಟಿಗೆ ಕೂತು ಕೇಳುವುದು, ಚರ್ಚಿಸುವುದು, ಪ್ರಶ್ನೆ ಬರೆದು ಕಳಿಸುವುದು ಅದರ ಕ್ರಮ. ತಂಜಾವೂರಿನಲ್ಲಿ ಎಡಿಟಿ 27 ಭತ್ತದ ತಳಿಯನ್ನು ಜನ ‘ರೇಡಿಯೊ ಭತ್ತ’ ಎಂದೇ ಕರೆದರು, ಅದರ ವಿಷಯ ರೇಡಿಯೊದಿಂದ ಊರೂರಿಗೆ ಹಬ್ಬಿದ್ದರಿಂದ. ಕನ್ನಡದಲ್ಲಿ ‘ಕೃಷಿರಂಗ’ ಕಾರ್ಯಕ್ರಮದ ಹೊತ್ತಿಗೆ ಜಗುಲಿಯ ಮೇಲೆ ಕಿವಿಗೊಟ್ಟು ಕೂತವರು ಲಕ್ಷಾಂತರ. ಆದರೆ ದೊಡ್ಡ ನಿಲಯ ಹತ್ತಾರು ತಾಲ್ಲೂಕಿಗೆ ಒಂದೇ ಮಾತು ಹೇಳಬೇಕು. ನಾಲೆಯ ತಲೆಯಲ್ಲಿರುವ ರೈತನ ಕಷ್ಟ ಒಂದು, ಕೊನೆಯಲ್ಲಿರುವವನ ಕಷ್ಟ ಇನ್ನೊಂದು. ಅಷ್ಟು ಹತ್ತಿರದ ಮಾತಿಗೆ ಸಣ್ಣ ಕೇಂದ್ರವೇ ಬೇಕು.

ಮರಳಿ ಬಂದ ದನಿ

ಅಂಥ ಸಣ್ಣ ಕೇಂದ್ರಗಳಿಗೆ ಬಾಗಿಲು ತೆರೆದದ್ದು ಕ್ರಿಕೆಟ್ ಪ್ರಸಾರದ ಒಂದು ವ್ಯಾಜ್ಯ. ಬಂಗಾಳದ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸಾರಿತು. ಮಾರನೆಯ ವರ್ಷ ಬೆಂಗಳೂರಿನಲ್ಲಿ ಸೇರಿದ ಪ್ರಸಾರಕರು, ಸ್ವಯಂಸೇವಾ ಸಂಸ್ಥೆಗಳು ಮತ್ತು ಚಿಂತಕರು ಸಮುದಾಯ ಬಾನುಲಿಗೆ ಅವಕಾಶ ಕೋರಿ ‘ಬೆಂಗಳೂರು ಘೋಷಣೆ’ ಹೊರಡಿಸಿದರು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ಬಾನುಲಿಯ ಹೆಣ್ಣುಮಕ್ಕಳು, ಗಾಳಿಯಲ್ಲಿ ಪ್ರಸಾರ ಮಾಡಲು ಪರವಾನಗಿ ಸಿಗದಿದ್ದಾಗ, ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿ ತೋರಿಸಿದರು.

2002ರ ಕೊನೆಯಲ್ಲಿ ಕೇಂದ್ರ ಸರ್ಕಾರ ವಿದ್ಯಾಸಂಸ್ಥೆಗಳಿಗೆ ಸಣ್ಣ ಕೇಂದ್ರ ನಡೆಸಲು ಒಪ್ಪಿತು. 2004ರ ಫೆಬ್ರುವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದ ಕೇಂದ್ರ 90.4 ಮೆಗಾಹರ್ಟ್ಸ್‌ನಲ್ಲಿ ಮಾತಾಡಿತು. 2006ರ ನವೆಂಬರ್‌ನ ಮಾರ್ಗಸೂಚಿ ಕೃಷಿ ವಿಶ್ವವಿದ್ಯಾನಿಲಯ, ಕೃಷಿ ವಿಜ್ಞಾನ ಕೇಂದ್ರ, ಸ್ವಯಂಸೇವಾ ಸಂಸ್ಥೆಗಳನ್ನೂ ಒಳಗೆ ಬಿಟ್ಟುಕೊಂಡಿತು. ಮರುವರ್ಷವೇ, 2007ರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ‘ಕೃಷಿ ಸಮುದಾಯ ಬಾನುಲಿ ಕೇಂದ್ರ’ 90.4ರಲ್ಲಿ ಆರಂಭವಾಯಿತು. ವಿಠ್ಠಲ ವಿಹಾರದಿಂದ ಇಲ್ಲಿಗೆ 72 ವರ್ಷ. ಕನ್ನಡ ನಾಡಿನ ವಿಶ್ವವಿದ್ಯಾನಿಲಯವೊಂದು ತನ್ನ ಹೊಲದ ಅರಿವನ್ನು ತನ್ನದೇ ದನಿಯಲ್ಲಿ ಸುತ್ತಲ ಹಳ್ಳಿಗಳಿಗೆ ಹೇಳತೊಡಗಿತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ‘ರೇಡಿಯೊ ಸಾರಂಗ್’, ಸರಗೂರಿನ ‘ಜನಧ್ವನಿ’ ಮುಂತಾದವು ಇದೇ ದಾರಿಯಲ್ಲಿ ಬಂದವು.

ಇಂಥ ಕೇಂದ್ರಕ್ಕೆ ಕಾನೂನು ಹಾಕಿದ ಗೆರೆಗಳನ್ನೂ ತಿಳಿಯಬೇಕು. ಹೊರಸೂಸುವ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರಬಾರದು. ಗೋಪುರದ ಎತ್ತರಕ್ಕೆ 30 ಮೀಟರ್ ಮಿತಿ. ಎಫ್‌ಎಂ ತರಂಗ ನೆಟ್ಟಗೆ ಸಾಗುವುದರಿಂದ ಗುಡ್ಡ, ದಿಣ್ಣೆ ಅಡ್ಡ ಬಂದರೆ ದನಿ ಕುಗ್ಗುತ್ತದೆ. ಬಯಲಲ್ಲೂ ಹತ್ತು ಹದಿನೈದು ಕಿಲೋಮೀಟರ್ ದಾಟುವುದು ಕಷ್ಟ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಭಾಗ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದಲೇ ತಯಾರಾಗಬೇಕು, ಸ್ಥಳೀಯ ನುಡಿಗೆ ಆದ್ಯತೆ ಇರಬೇಕು. ಇದು ಬಲು ಒಳ್ಳೆಯ ನಿಯಮ. ಆದರೆ 2006ರ ಮಾರ್ಗಸೂಚಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳನ್ನು ನಿಷೇಧಿಸಿತು. ತರಂಗ ಜನರ ಆಸ್ತಿ ಎಂದು ನ್ಯಾಯಾಲಯ ಹೇಳಿದ ಮೇಲೂ ಜನರು ತಮ್ಮೂರಿನ ಸುದ್ದಿಯನ್ನು ತಾವೇ ಹೇಳಿಕೊಳ್ಳಲಾಗದಂತೆ ಬೇಲಿ ಹಾಕಿದ್ದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಮದ್ದೂರು ಸೀಮೆಗೆ ಏನು ಬೇಕು

ಈ ಚರಿತ್ರೆ ಶಿವಪುರದವರಿಗೆ ದೂರದ ಮಾತಲ್ಲ. ಮಂಡ್ಯ ಕೃಷಿ ವಿದ್ಯೆಗೆ ಹಳೆಯ ನೆಲ. ಕಾವೇರಿ ನಾಲೆ ಬಂದ ಹೊಸತರಲ್ಲಿ, ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ ಆರಂಭವಾದ ಪ್ರಯೋಗ ಕ್ಷೇತ್ರವೇ ಇಂದಿನ ವಿ.ಸಿ. ಫಾರಂ. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಂಪನಿ ಬಂತು. ವಿ.ಸಿ. ಫಾರಂನಲ್ಲಿ 1991ರಿಂದ ಕೃಷಿ ಕಾಲೇಜಿದೆ. ಭತ್ತ, ಕಬ್ಬು, ರಾಗಿ ಸಂಶೋಧನೆ ಅಲ್ಲಿ ನಡೆಯುತ್ತದೆ. ಆದರೆ 100 ವ್ಯಾಟ್‌ನ ದನಿ ಅಲ್ಲಿಂದ ಹೊರಟರೆ ಮದ್ದೂರಿಗೆ ಬರುವಷ್ಟರಲ್ಲಿ ಸೋತುಹೋಗುತ್ತದೆ. ಆದ್ದರಿಂದ ಒಂದು ವಿಶ್ವವಿದ್ಯಾನಿಲಯಕ್ಕೆ ಒಂದೇ ಕೇಂದ್ರ ಎಂಬ ಲೆಕ್ಕ ಸಾಲದು; ತಾಲ್ಲೂಕಿಗೊಂದು ಸ್ಟುಡಿಯೊ, ತಾಲ್ಲೂಕಿಗೊಂದು ಗೋಪುರ ಬೇಕು.

ಅಲ್ಲಿ ಏನು ಕೇಳಿಸಬೇಕು? ನಾಲೆಗೆ ನೀರು ಯಾವತ್ತು ಬಿಡುತ್ತಾರೆ, ಎಷ್ಟು ದಿನ ಕಟ್ಟು, ಕೊನೆಭಾಗಕ್ಕೆ ಎಂದು ತಲುಪೀತು ಎಂಬುದನ್ನು ನೀರಾವರಿ ಇಲಾಖೆಯ ಎಂಜಿನಿಯರೂ ಊರಿನ ನೀರುಗಂಟಿಯೂ ಒಂದೇ ಮೈಕಿನ ಮುಂದೆ ಹೇಳಬೇಕು. ಮದ್ದೂರಿನ ಎಳನೀರು ಮಾರುಕಟ್ಟೆಯ ಬೆಳಗಿನ ಧಾರಣೆ, ರಾಮನಗರದ ರೇಷ್ಮೆ ಗೂಡಿನ ದರ, ಬೆಲ್ಲದ ಅಚ್ಚಿನ ಬೆಲೆ ಹೊತ್ತಿಗೆ ಸರಿಯಾಗಿ ಬರಬೇಕು. ಹುಳು ಮೇಯಿಸುವ ಮನೆಯ ಹೆಂಗಸು ಸುಣ್ಣಕಟ್ಟು ರೋಗ ಬಂದಾಗ ತಾನು ಮಾಡಿದ್ದನ್ನು ಹೇಳಬೇಕು. ವಿಜ್ಞಾನಿ ಅದನ್ನು ಕೇಳಿ, ತಪ್ಪಿದ್ದರೆ ತಿದ್ದಿ, ಸರಿಯಿದ್ದರೆ ಕಲಿಯಬೇಕು. ಮಂಡ್ಯದ ಮಾತು ಸಿನಿಮಾದಲ್ಲಿ ನಗಿಸುವುದಕ್ಕಷ್ಟೇ ಉಳಿಯದೆ, ಜ್ಞಾನ ಹೇಳುವ ಮಾತೂ ಆಗಬೇಕು.

ಲೈಸೆನ್ಸ್ ಪಡೆದು, ಉದ್ಘಾಟನೆ ಮಾಡಿಸಿ, ಫೋಟೊ ತೆಗೆಸಿಕೊಂಡರೆ ರೇಡಿಯೊ ನಡೆಯುವುದಿಲ್ಲ. ಕೇಂದ್ರಕ್ಕೆ ಕಾಯಂ ಸಿಬ್ಬಂದಿ ಇರಬೇಕು, ಹಳ್ಳಿಗೆ ಹೋಗಿ ಧ್ವನಿಮುದ್ರಣ ಮಾಡಿಕೊಂಡು ಬರಲು ವಾಹನ ಮತ್ತು ಹಣ ಬೇಕು, ಕಾರ್ಯಕ್ರಮ ಮಾಡುವ ಅಧ್ಯಾಪಕರ ಶ್ರಮವನ್ನು ಸಂಶೋಧನಾ ಪ್ರಬಂಧದಷ್ಟೇ ಗೌರವದಿಂದ ಲೆಕ್ಕಕ್ಕೆ ಹಿಡಿಯಬೇಕು. ಏನು ಪ್ರಸಾರವಾಗಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ರೈತರೂ ಹೆಣ್ಣುಮಕ್ಕಳೂ ಕೂಲಿಕಾರರೂ ಕೂರಬೇಕು. ಗೋಪಾಲಸ್ವಾಮಿಯವರು ಯಾವ ಸುತ್ತೋಲೆಗೂ ಕಾಯದೆ, 30 ವ್ಯಾಟ್ ಹಿಡಿದು ಹೊರಟರು. ಇಂದಿನ ವಿಶ್ವವಿದ್ಯಾನಿಲಯಗಳ ಕೈಯಲ್ಲಿ ಕಾನೂನಿದೆ, ಯಂತ್ರವಿದೆ, ಸಂಬಳ ಪಡೆಯುವ ನೂರಾರು ತಜ್ಞರಿದ್ದಾರೆ. ಆ ಹಿರಿಯ ಮೇಷ್ಟ್ರಿಗೆ ಇದ್ದ ಹಂಬಲವೊಂದು ಸೇರಿದರೆ ಮದ್ದೂರು, ಮಳವಳ್ಳಿಯ ಹಳ್ಳಿಗಳು ಕೇಳುವುದರ ಜೊತೆಗೆ ಹೇಳುವುದನ್ನೂ ಶುರುಮಾಡುತ್ತವೆ. ಅಂಥ ರೇಡಿಯೊ ಬೇಕೆಂದು ಕೇಳುವ ಹಕ್ಕು ನಮಗಿದೆ. ಕೊಡುವ ಹೊಣೆ ವಿಶ್ವವಿದ್ಯಾನಿಲಯಗಳದು.