ಮುಪ್ಪಿನಲ್ಲಿ ಮಾರಿದ ಗಿಟಾರುಗಳು

ವಿದ್ಯುತ್ ಗಿಟಾರು ಎಂದೊಡನೆ ಮೂಗು ಮುರಿಯುವ ಹಿರಿಯರು ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಧಾರಾಳವಾಗಿದ್ದರು. ವಾದ್ಯವೆಂದರೆ ವೀಣೆ, ಪಿಟೀಲು, ಹೆಚ್ಚೆಂದರೆ ಹಾರ್ಮೋನಿಯಮ್. ಉಳಿದದ್ದೆಲ್ಲ ಗದ್ದಲವೆಂಬುದು ಅವರ ಖಚಿತ ಅಭಿಪ್ರಾಯ. ಆ ಗದ್ದಲವನ್ನು ಬಾಗಿಲು ಮುಚ್ಚಿಕೊಂಡು ಕೇಳಿ ಬೈಸಿಕೊಂಡ ಹುಡುಗರೇ ಇಂದು ಪೆನ್ಷನ್ ಎಣಿಸುವ ಅಜ್ಜಂದಿರಾಗಿದ್ದಾರೆ. ಅದನ್ನು ನುಡಿಸಿದವರಿಗೂ ವಯಸ್ಸಾಗಿದೆ. ಐವತ್ತು ವರ್ಷ ಕೂಡಿಟ್ಟ ಗಿಟಾರುಗಳನ್ನು ಇನ್ನೇನು ಮಾಡುವುದೆಂಬ ಚಿಂತೆ ಅವರನ್ನು ಹಿಡಿದಿದೆ. ಆ ಚಿಂತೆಯನ್ನು ಇಂಗ್ಲೆಂಡಿನ ಕೆಲವು ಹೆಸರಾಂತ ವಾದಕರು ಹೇಗೆ ಬಗೆಹರಿಸಿಕೊಂಡರೆಂಬುದನ್ನು ಓದುತ್ತ ಹೋದಂತೆ, ವಾಚಕರೊಡನೆ ಆ ಸಂಗತಿಯನ್ನು ಹಂಚಿಕೊಳ್ಳಬೇಕೆಂದು ನಮಗೆ ಅನ್ನಿಸಿತು. ಎರಡು ಕೋಣೆಯ ಬಿಡಾರದಲ್ಲಿ ಸಂಸಾರ ಹೂಡಿ, ವರ್ಗವಾದಾಗಲೆಲ್ಲ ಯಾವ ಸಾಮಾನು ಲಾರಿಗೆ, ಯಾವುದು ಪಕ್ಕದ ಮನೆಗೆ ಎಂದು ವಿಂಗಡಿಸಿ ಬೇಸತ್ತ ನಮ್ಮಂಥವರಿಗೆ ಇದು ತೀರ ಪರಕೀಯವಾದ ವಿಷಯವಾಗಲಾರದು.

ಒಬ್ಬ ಮನುಷ್ಯನಿಗೆ ನೂರು ಗಿಟಾರು ಏಕೆ ಬೇಕು? ಎರಡೇ ಕೈಗಳಲ್ಲವೆ? ಮೊದಲು ಇದಕ್ಕೆ ಉತ್ತರ ಹೇಳಬೇಕು. ನಮ್ಮ ವೀಣೆಯ ನಾದವನ್ನು ಅದರ ಪೊಳ್ಳು ಕೊಡ ಹಿಗ್ಗಿಸುತ್ತದೆ. ವಿದ್ಯುತ್ ಗಿಟಾರಿನಲ್ಲಿ ಬಹುಮಟ್ಟಿಗೆ ಕೊಡವೇ ಇಲ್ಲ. ಗಟ್ಟಿ ಮರದ ಹಲಗೆ, ಅದರ ಮೇಲೆ ಉಕ್ಕಿನ ತಂತಿ, ತಂತಿಯ ಕೆಳಗೆ ಅಯಸ್ಕಾಂತ, ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಈ ಸುರುಳಿಗೆ ಪಿಕಪ್ ಎಂದು ಹೆಸರು. ಮೀಟಿದ ತಂತಿಯ ಅಲುಗಾಟ ಅಲ್ಲಿ ವಿದ್ಯುತ್ತಾಗಿ, ಆ ವಿದ್ಯುತ್ತು ಧ್ವನಿವರ್ಧಕದಲ್ಲಿ ಮತ್ತೆ ನಾದವಾಗುತ್ತದೆ. ಸುರುಳಿಯ ಸುತ್ತು, ಅಯಸ್ಕಾಂತದ ಬಲ, ತಂತಿಯ ಉದ್ದ, ಇವುಗಳಲ್ಲಿ ಯಾವುದು ಬದಲಾದರೂ ದನಿ ಬದಲಾಗುತ್ತದೆ. ಕ್ಯಾಲಿಫೋರ್ನಿಯದ ಫೆಂಡರ್ ಕಂಪನಿ 1954ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ದನಿ ಒಂದು ತೆರ. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಗಿಬ್ಸನ್ ಕಂಪನಿ 1952ರಿಂದ ಮಾಡಿದ ಲೆಸ್ ಪಾಲ್ ಗಿಟಾರಿನದು ಇನ್ನೊಂದು ತೆರ. ಹಾಡಿಗೊಂದು ದನಿ ಬೇಕಾದಾಗ ವಾದಕರು ಹಾಡಿಗೊಂದು ಗಿಟಾರು ಕೊಂಡರು. ಹಳೆಯವು ಆಗ ಅಗ್ಗವೂ ಆಗಿದ್ದವು. ಎರಿಕ್ ಕ್ಲಾಪ್ಟನ್ ಎಂಬವರು 1970ರ ಸುಮಾರಿನಲ್ಲಿ ನ್ಯಾಶ್‌ವಿಲ್ ಊರಿನ ಅಂಗಡಿಯೊಂದರಲ್ಲಿ ಹಳೆಯ ಸ್ಟ್ರಾಟೊಕ್ಯಾಸ್ಟರುಗಳನ್ನು ಒಂದೇ ಕಂತೆಯಾಗಿ ಕೊಂಡು, ಮೂರನ್ನು ಗೆಳೆಯರಿಗೆ ಕೊಟ್ಟು, ಉಳಿದವುಗಳ ಒಳ್ಳೆಯ ಭಾಗಗಳನ್ನು ಜೋಡಿಸಿ ತಮಗೊಂದು ಗಿಟಾರು ಮಾಡಿಕೊಂಡರು. 2004ರಲ್ಲಿ ಅದೊಂದೇ ಹರಾಜಿನಲ್ಲಿ 9,59,500 ಡಾಲರಿಗೆ ಹೋಯಿತು. ಹಣವು ಅವರು ಕೆರಿಬಿಯನ್ ಸಮುದ್ರದ ಆಂಟಿಗ್ವ ದ್ವೀಪದಲ್ಲಿ ಸ್ಥಾಪಿಸಿದ್ದ, ಕುಡಿತ ಮತ್ತು ಮಾದಕ ವಸ್ತುಗಳ ಚಟ ಬಿಡಿಸುವ ಚಿಕಿತ್ಸಾಲಯಕ್ಕೆ ಸಂದಿತು.

ಇವೆಲ್ಲಕ್ಕಿಂತ ದೊಡ್ಡ ಸುದ್ದಿಯಾದದ್ದು ಡೇವಿಡ್ ಗಿಲ್ಮೋರರ ಹರಾಜು. (ಹರಾಜು ಎಂದರೆ ನಮ್ಮ ಧಾರವಾಡದ ಕಡೆಯ ಬಂಧುಗಳ ಲಿಲಾವು.) ಪಿಂಕ್ ಫ್ಲಾಯ್ಡ್ ಎಂಬ ತಂಡದ ಈ ವಾದಕರು 2019ರ ಜೂನ್ 20ರಂದು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಮನೆಯಲ್ಲಿ 120ಕ್ಕೂ ಹೆಚ್ಚು ಗಿಟಾರುಗಳನ್ನು ಒಂದೇ ದಿನ ಮಾರಿದರು. ಆಗ ಅವರಿಗೆ 73 ವರ್ಷ. ಬಂದ ಹಣ 2 ಕೋಟಿ 14 ಲಕ್ಷ ಡಾಲರಿಗೂ ಮೇಲೆ. ಆಗಿನ ದರದಲ್ಲಿ ನಮ್ಮ ರೂಪಾಯಿಯಲ್ಲಿ ಸುಮಾರು 150 ಕೋಟಿ. ಪರಿಸರ ರಕ್ಷಣೆಗಾಗಿ ನ್ಯಾಯಾಲಯಗಳಲ್ಲಿ ಹೋರಾಡುವ ಕ್ಲಯಂಟ್‌ಅರ್ತ್ ಎಂಬ ಸಂಸ್ಥೆಗೆ ಅದನ್ನು ಕೊಟ್ಟುಬಿಟ್ಟರು.

ಅವುಗಳಲ್ಲಿ ಒಂದು ಕಪ್ಪು ಸ್ಟ್ರಾಟೊಕ್ಯಾಸ್ಟರ್. 1970ರಲ್ಲಿ ನ್ಯೂಯಾರ್ಕಿನ ಮ್ಯಾನೀಸ್ ಎಂಬ ವಾದ್ಯದ ಅಂಗಡಿಯಲ್ಲಿ ಕೊಂಡದ್ದು. ಅಂಗಡಿಯ ಸಾಧಾರಣ ಸರಕು. ಮುಂದೆ ಆ ತಂಡವನ್ನು ಜಗತ್ಪ್ರಸಿದ್ಧವಾಗಿಸಿದ ಧ್ವನಿಮುದ್ರಣಗಳಲ್ಲಿ ಮೊಳಗಿದ್ದು ಅದೇ. ಹರಾಜು ಮನೆಯವರು ಅದಕ್ಕೆ ಒಂದರಿಂದ ಒಂದೂವರೆ ಲಕ್ಷ ಡಾಲರ್ ಅಂದಾಜು ಮಾಡಿದ್ದರು. ಕೂಗು ನಿಂತಾಗ, ಹರಾಜು ಮನೆಯ ಕಮಿಷನ್ ಸೇರಿ, ಬೆಲೆ 39,75,000 ಡಾಲರ್. ನಮ್ಮ ಲೆಕ್ಕದಲ್ಲಿ 27 ಕೋಟಿಗೂ ಮೇಲೆ. ಆವರೆಗೆ ಯಾವ ಗಿಟಾರೂ ಹರಾಜಿನಲ್ಲಿ ಅಷ್ಟು ಬೆಲೆ ಕಂಡಿರಲಿಲ್ಲ. ಸ್ವಾರಸ್ಯವೆಂದರೆ, ಆ ಗಿಟಾರಿನಲ್ಲಿ 1970ರ ಗಿಟಾರು ಉಳಿದಿದ್ದುದೇ ಸ್ವಲ್ಪ. ಮಾಲೀಕರು ಅದರ ದಂಡಿಯನ್ನು ಎಷ್ಟೋ ಸಲ ಬದಲಿಸಿದ್ದರು, ಪಿಕಪ್ ಬದಲಿಸಿದ್ದರು, ಮುಂದಿನ ಬಿಳಿಯ ಪ್ಲಾಸ್ಟಿಕ್ ಹಾಳೆ ತೆಗೆದು ಕಪ್ಪನೆಯದನ್ನು ಹಾಕಿದ್ದರು. ನಡುವೆ ಹಲವು ವರ್ಷ ಅದು ಒಂದು ಉಪಾಹಾರ ಗೃಹದ ಪ್ರದರ್ಶನದ ವಸ್ತುವಾಗಿತ್ತು. ನಮ್ಮ ಅಜ್ಜಿಯರ ಕೊಡಲಿಯ ಹಾಗೆ: ಕಾವು ಮೂರು ಸಲ, ಅಲಗು ಎರಡು ಸಲ ಬದಲಾದರೂ ಅಜ್ಜನ ಕೊಡಲಿಯೇ.

ಗಿಲ್ಮೋರರು ಹೇಳಿದ್ದರ ತಾತ್ಪರ್ಯ ಇಷ್ಟು: ಈ ವಾದ್ಯಗಳು ತಮಗೆ ಎಷ್ಟೋ ರಾಗಗಳನ್ನು ಕೊಟ್ಟಿವೆ, ಇನ್ನು ಬೇರೆಯವರ ಕೈಗೆ ಹೋಗಲಿ. ಕಪ್ಪು ಗಿಟಾರಿನ ಪ್ರತಿರೂಪವನ್ನು ಫೆಂಡರ್ ಕಂಪನಿಯವರು 2008ರಿಂದಲೇ ಮಾಡುತ್ತಿದ್ದರಷ್ಟೆ; ಬೇಕಾದರೆ ಅದನ್ನೇ ನುಡಿಸಬಹುದು. ಇಷ್ಟು ನಿರ್ಲಿಪ್ತರಾಗಿ ನಾವು ನಮ್ಮ ಹಳೆಯ ಕಾಫಿ ಫಿಲ್ಟರನ್ನಾದರೂ ಬಿಟ್ಟುಕೊಟ್ಟೇವೆಯೆ ಎಂಬುದು ಸಂಶಯ. ಇನ್ನೊಂದು ಮಾತು. ಗಿಲ್ಮೋರರು ಎಂಟು ಮಕ್ಕಳ ತಂದೆ. ಪಾಲು ಮಾಡಿದ್ದರೆ ತಲೆಗೆ ಹದಿನೈದು ಬರುತ್ತಿದ್ದವು, ಸರಿಯೆ. ಆದರೆ ಆ ಕಪ್ಪು ಗಿಟಾರು ಯಾರ ಪಾಲಿಗೆ? ಒಂದು ಜೊತೆ ಬಂಗಾರದ ಬಳೆಗಾಗಿ ಮುರಿದ ಮನೆಗಳನ್ನು ಕಂಡ ನಮಗೆ ಈ ಪ್ರಶ್ನೆಯ ಭಾರ ಗೊತ್ತು.

ಮಾರ್ಕ್ ನಾಪ್ಲರರ ಕಥೆ ನಮಗೆ ಇನ್ನೂ ಹತ್ತಿರವಾಗಿ ಕಂಡಿತು. ಡೈರ್ ಸ್ಟ್ರೇಟ್ಸ್ ತಂಡದ ಮುಖ್ಯ ವಾದಕರು ಇವರು. ತಂದೆ ಹಂಗೇರಿಯಿಂದ 1939ರಲ್ಲಿ ತಪ್ಪಿಸಿಕೊಂಡು ಬಂದು ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ನೆಲೆಸಿದ ವಾಸ್ತುಶಿಲ್ಪಿ. ತಾಯಿ ಇಂಗ್ಲಿಷರ ಮಗಳು, ಶಾಲೆಯಲ್ಲಿ ಉಪಾಧ್ಯಾಯಿನಿ. ಮಗನಿಗೆ ಏಳು ವರ್ಷವಾದಾಗ ಸಂಸಾರ ಮತ್ತೆ ಊರು ಬದಲಿಸಿ ಇಂಗ್ಲೆಂಡಿನ ಈಶಾನ್ಯಕ್ಕೆ, ತಾಯಿಯ ಸೀಮೆಗೆ ಹೋಯಿತು. ಹುಡುಗನಿಗೆ ಕೆಂಪು ಬಣ್ಣದ ಫೆಂಡರ್ ಬೇಕಿತ್ತು. ಅದು ಕೈಗೆಟುಕದ ಬೆಲೆ. ತಂದೆ 50 ಪೌಂಡು ಕೊಟ್ಟು, ಬಣ್ಣವಾದರೂ ಕೆಂಪಾಗಿರಲೆಂದು, ಜರ್ಮನಿಯ ಹಾಫ್ನರ್ ಕಂಪನಿಯದೊಂದನ್ನು ತಂದುಕೊಟ್ಟರು. ಧ್ವನಿವರ್ಧಕ ಕೊಳ್ಳಲು ಮತ್ತೆ ಹಣ ಕೇಳುವ ಧೈರ್ಯ ಹುಡುಗನಿಗಿರಲಿಲ್ಲ. ಗಿಟಾರನ್ನು ಮನೆಯ ರೇಡಿಯೋಕ್ಕೇ ಸಿಕ್ಕಿಸಿದ. ರೇಡಿಯೋ ಸುಟ್ಟುಹೋಯಿತು. ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸಿದ ಯಾವ ತಂದೆಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗ 74ರ ವೃದ್ಧರಾಗಿ, 2024ರ ಜನವರಿ 31ರಂದು ಲಂಡನ್ನಿನಲ್ಲಿ ತಮ್ಮ ಸಂಗ್ರಹದ 120ಕ್ಕೂ ಹೆಚ್ಚಿನ ಗಿಟಾರು ಮತ್ತು ಧ್ವನಿವರ್ಧಕಗಳನ್ನು ಹರಾಜಿಗಿಟ್ಟರು. ಒಂದೂ ಉಳಿಯಲಿಲ್ಲ. ಒಟ್ಟು ಬಂದದ್ದು 88 ಲಕ್ಷ ಪೌಂಡಿಗೂ ಮೇಲೆ, ಎಂದರೆ 90 ಕೋಟಿ ರೂಪಾಯಿಗೂ ಹೆಚ್ಚು. ಇವರು ಗಿಲ್ಮೋರರಂತೆ ಎಲ್ಲವನ್ನೂ ದಾನ ಮಾಡಲಿಲ್ಲ. ನಾಲ್ಕರಲ್ಲಿ ಒಂದು ಪಾಲನ್ನು ಬ್ರಿಟಿಷ್ ರೆಡ್‌ಕ್ರಾಸ್ ಮೊದಲಾದ ಮೂರು ಧರ್ಮಸಂಸ್ಥೆಗಳಿಗೆ ಎತ್ತಿಟ್ಟರು. ಅದರಲ್ಲಿ ತಪ್ಪೇನಿದೆ? ದುಡಿದವರು ತಮ್ಮ ದುಡಿಮೆಯ ಫಲವನ್ನು ಇಳಿವಯಸ್ಸಿಗೆ ಇಟ್ಟುಕೊಳ್ಳುವುದನ್ನು ನಾವಂತೂ ಸಣ್ಣತನವೆನ್ನುವುದಿಲ್ಲ.

ಇವರಿಬ್ಬರೂ ತಾವೇ ಬದುಕಿದ್ದು, ತಮ್ಮ ಬಾಯಿಂದ ಪ್ರತಿಯೊಂದರ ಕಥೆ ಹೇಳಿ ಮಾರಿದರು. ಇದನ್ನು ಎಲ್ಲೆಲ್ಲಿ ಕೊಂಡೆ, ಯಾವ ಹಾಡಿಗೆ ನುಡಿಸಿದೆ, ಈ ಗೀರು ಹೇಗೆ ಬಿತ್ತು ಎಂಬುದೆಲ್ಲ ಹರಾಜು ಮನೆಯವರ ಪಟ್ಟಿಯಲ್ಲಿ ಅಚ್ಚಾಯಿತು. ಜೆಫ್ ಬೆಕ್ ಎಂಬ ಇನ್ನೊಬ್ಬ ಮಹಾ ವಾದಕರಿಗೆ ಆ ಅವಕಾಶ ಸಿಗಲಿಲ್ಲ. 2023ರ ಜನವರಿಯಲ್ಲಿ, 78ನೆಯ ವಯಸ್ಸಿನಲ್ಲಿ, ಅವರು ಥಟ್ಟನೆ ತೀರಿಕೊಂಡರು. ಎರಡು ವರ್ಷಗಳ ಬಳಿಕ, 2025ರ ಜನವರಿ 22ರಂದು, ಅವರ ಪತ್ನಿ ಲಂಡನ್ನಿನಲ್ಲಿ ಗಿಟಾರುಗಳನ್ನು ಮಾರಿಸಿದರು. 1954ರ ಅವರ ಲೆಸ್ ಪಾಲ್ ಒಂದಕ್ಕೇ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಬಂತು. ಬೆಕ್‌ರ ಬದುಕು ಲೋಕಕ್ಕೆಲ್ಲ ತಿಳಿದಿದ್ದುದರಿಂದ ಆ ವಾದ್ಯದ ಕಥೆಗೆ ಕೊರತೆ ಬೀಳಲಿಲ್ಲ. ಹೆಸರಿಲ್ಲದ ಸಾಮಾನ್ಯನ ಹೆಂಡತಿ ಮಕ್ಕಳಿಗೆ ಈ ಅನುಕೂಲವಿರುವುದಿಲ್ಲ. ಮಂಚದ ಕೆಳಗೆ ಹತ್ತು ಪೆಟ್ಟಿಗೆ. ಯಾವುದು ಹತ್ತು ಸಾವಿರದ್ದು, ಯಾವುದು ಹತ್ತು ಲಕ್ಷದ್ದು ಎಂದು ಹೇಳುವವರು ಹೋಗಿಬಿಟ್ಟಿದ್ದಾರೆ. ಮೊದಲು ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ಬೆಲೆ.

ಆದ್ದರಿಂದ ಸಾಮಾನ್ಯ ಸಂಗ್ರಾಹಕನ ಮಾತಿಗೆ ಬರೋಣ. ಅಮೆರಿಕ, ಇಂಗ್ಲೆಂಡುಗಳಲ್ಲಿ ಇಂಥವರು ಅಸಂಖ್ಯ: ಹಗಲು ಆಫೀಸಿನಲ್ಲಿ ದುಡಿದು, ಬೋನಸ್ ಬಂದಾಗ ಒಂದು ಗಿಟಾರು ಕೊಂಡು, ಹೆಂಡತಿಗೆ ಅರ್ಧ ಬೆಲೆ ಹೇಳಿದವರು. ಅರುವತ್ತು ದಾಟಿದ ಮೇಲೆ ಬೆರಳ ಸಂದುಗಳು ನೋಯುತ್ತವೆ. ಲೆಸ್ ಪಾಲ್ ಗಿಟಾರು ನಾಲ್ಕು ಕಿಲೋಗೂ ಹೆಚ್ಚು ತೂಗುವುದುಂಟು, ಹೆಗಲು ಒಪ್ಪುವುದಿಲ್ಲ. ದೊಡ್ಡ ಮನೆಯಿಂದ ಚಿಕ್ಕ ಮನೆಗೆ ಹೋಗಬೇಕಾಗುತ್ತದೆ. ಮಕ್ಕಳಿಗೆ ಆಸಕ್ತಿಯಿಲ್ಲ. ಮಾರಲು ಹೊರಟರೆ ಮೂರು ದಾರಿ. ಅಂಗಡಿಗೆ ಕೊಟ್ಟರೆ ಕೈಗೆ ಕೂಡಲೇ ಹಣ, ಆದರೆ ಅಂಗಡಿಯವನು ತಾನು ಮಾರುವ ಬೆಲೆಯ ಅರ್ಧಕ್ಕಿಂತ ಒಂದಿಷ್ಟು ಮೇಲೆ ಕೊಟ್ಟಾನು. ಅವನ ಬಾಡಿಗೆ, ಅವನ ಬಡ್ಡಿ ಅವನಿಗುಂಟು. ಅಂಗಡಿಯಲ್ಲೇ ಇಟ್ಟು, ಮಾರಿಹೋದ ಮೇಲೆ ಕಮಿಷನ್ ಮುರಿದು ಹಣ ಪಡೆಯುವುದು ಎರಡನೆಯದು. ತಾನೇ ಗಿರಾಕಿಯನ್ನು ಹುಡುಕುವುದು ಮೂರನೆಯದು. ಹೆಚ್ಚು ಹಣ, ಹೆಚ್ಚು ತಲೆನೋವು.

ಇಲ್ಲಿ ನಮ್ಮ ಗೃಹಿಣಿಯರಿಗೆ ಆಶ್ಚರ್ಯವಾಗುವ ಒಂದು ನಿಯಮವುಂಟು. ನಾವು ಹಿತ್ತಾಳೆಯ ಪಾತ್ರೆಯನ್ನು ಯಾರಿಗಾದರೂ ಕೊಡುವ ಮುನ್ನ ಹುಣಸೆಹುಳಿ ಹಾಕಿ ತಿಕ್ಕಿ ಫಳಫಳಗುಟ್ಟಿಸುತ್ತೇವೆ. ಹಳೆಯ ಗಿಟಾರಿಗೆ ಹಾಗೆ ಮಾಡಿದರೆ ಕೆಟ್ಟಿತು. ಮೂಲ ಬಣ್ಣ ಕೆರೆದು ಹೊಸ ಬಣ್ಣ ಹೊಡೆಸಿದರೆ ಬೆಲೆ ಅರ್ಧಕ್ಕಿಳಿಯುತ್ತದೆ ಎಂಬುದು ವ್ಯಾಪಾರಿಗಳ ರೂಢಿಯ ಲೆಕ್ಕ. ಬಿರಡೆ ಬದಲಿಸಿದ್ದರೆ ಹಳೆಯ ಬಿರಡೆಗಳನ್ನು ಪೊಟ್ಟಣ ಕಟ್ಟಿ ಜೊತೆಗೆ ಕೊಡಬೇಕು. ಒಳಗಿನ ತಂತಿಗಳ ಬೆಸುಗೆಯನ್ನು ಯಾರೂ ಬಿಚ್ಚಿಲ್ಲವೆಂಬುದಕ್ಕೂ ಬೆಲೆಯುಂಟು. ಕೊಂಡ ದಿನದ ಬಿಲ್ಲು, ಮೂಲ ಪೆಟ್ಟಿಗೆ, ಕಾರ್ಖಾನೆಯ ಚೀಟಿ ಇದ್ದರೆ ಮತ್ತಷ್ಟು. ಕಪ್ಪು ಗಿಟಾರು ಇದಕ್ಕೆ ಅಪವಾದವಾದದ್ದು, ಬದಲಿಸಿದ ಕೈ ಯಾರದೆಂಬುದು ಗೊತ್ತಿದ್ದುದರಿಂದ. ಹೀಗಾಗಿ ಬುದ್ಧಿವಂತರು ಮಾಡುವ ಮೊದಲ ಕೆಲಸ, ಒಂದೊಂದು ಪೆಟ್ಟಿಗೆಯೊಳಗೂ ಒಂದೊಂದು ಚೀಟಿ ಬರೆದಿಡುವುದು: ಕೊಂಡ ವರ್ಷ, ಕೊಟ್ಟ ಹಣ, ಯಾರಿಂದ, ಏನೇನು ರಿಪೇರಿ.

ಕಾಯುತ್ತ ಕುಳಿತರೆ ಬೆಲೆ ಏರುತ್ತಲೇ ಇರುವುದೆಂಬ ಭರವಸೆಯೂ ಇಲ್ಲ. 2008ರ ಆರ್ಥಿಕ ಕುಸಿತದಲ್ಲಿ ಹಳೆಯ ಗಿಟಾರುಗಳ ಬೆಲೆ ಇಳಿದು, ಅದನ್ನು ನಂಬಿ ಸಾಲ ಮಾಡಿದವರು ಕೈ ಸುಟ್ಟುಕೊಂಡರು. 1950ರ ದಶಕದ ಗಿಟಾರಿಗೆ ಮುಗಿಬೀಳುವವರು ಬಹುಪಾಲು ಆ ಸಂಗೀತ ಕೇಳಿ ಬೆಳೆದವರೇ. ಅವರೆಲ್ಲ ಒಟ್ಟಿಗೇ ಮುದುಕರಾಗಿ ಒಟ್ಟಿಗೇ ಮಾರತೊಡಗಿದರೆ ಕೊಳ್ಳುವವರು ಯಾರು? ಗಿಲ್ಮೋರರ ಕಪ್ಪು ಗಿಟಾರನ್ನು ಕೊಂಡ ಅಮೆರಿಕದ ಶ್ರೀಮಂತ ಜಿಮ್ ಇರ್ಸೆ ಅವರೂ 2025ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ತಮ್ಮ ಸಂಗ್ರಹವನ್ನು ಕಪಾಟಿನಲ್ಲಿ ಬಚ್ಚಿಡದೆ ಊರೂರಿಗೆ ಒಯ್ದು ಜನಕ್ಕೆ ತೋರಿಸಿದವರು. ಅಷ್ಟು ಮಟ್ಟಿಗೆ ಒಳ್ಳೆಯ ಕೈಗೇ ಅದು ಸೇರಿತ್ತು. ಮುಂದಿನ ನಿರ್ಧಾರ ಅವರ ಹೆಣ್ಣುಮಕ್ಕಳ ಪಾಲಿಗೆ ಬಂತು.

ಈ ವ್ಯಾಪಾರಕ್ಕೂ ನಮ್ಮ ಮಲೆನಾಡಿಗೂ ಒಂದು ನಂಟಿದೆಯೆಂದರೆ ವಾಚಕರು ನಂಬಲಾರರು. ಗಿಟಾರಿನ ದಂಡಿಯ ಮೇಲೆ, ಬೆರಳೂರುವ ಕಡೆ, ಮೆಟ್ಟುಗಳನ್ನು ಕೂರಿಸುವ ಕಪ್ಪುಗೆಂಪು ಹಲಗೆ ಅನೇಕ ವಾದ್ಯಗಳಲ್ಲಿ ಬೀಟೆಯದು. ಮೊದಲು ಬ್ರೆಜಿಲ್ ದೇಶದ ಬೀಟೆಯ ಜಾತಿಯ ಮರವನ್ನು ಬಳಸುತ್ತಿದ್ದರು. ಅದು ದುರ್ಲಭವಾದಾಗ, 1960ರ ದಶಕದಲ್ಲಿ, ಅಮೆರಿಕದ ಕಾರ್ಖಾನೆಗಳು ದಕ್ಷಿಣ ಭಾರತದ ಬೀಟೆಗೆ ತಿರುಗಿದವು. ಮೈಸೂರಿನ ಕುಸುರಿ ಕೆಲಸದವರೂ ಕೊಡಗು, ಮಲೆನಾಡಿನ ಮನೆಗಳವರೂ ಬಲ್ಲ ಅದೇ ಮರ. ಕಾಡು ಉಳಿಸುವ ಅಂತರರಾಷ್ಟ್ರೀಯ ಒಪ್ಪಂದದಂತೆ 2017ರ ಜನವರಿಯಿಂದ ಬೀಟೆಯ ಇಡೀ ಕುಲದ ವ್ಯಾಪಾರಕ್ಕೆ ಪರವಾನಗಿ ಬೇಕಾಯಿತು. ಮುದಿ ಸಂಗ್ರಾಹಕನೊಬ್ಬ ತನ್ನ ಗಿಟಾರನ್ನು ಪರದೇಶದ ಗಿರಾಕಿಗೆ ಕಳಿಸಬೇಕಾದರೂ ಕಾಗದಪತ್ರಕ್ಕಾಗಿ ಅಲೆಯುವಂತಾಯಿತು. ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂದದ್ದು 2019ರ ನವೆಂಬರಿನಲ್ಲಿ. ಬ್ರೆಜಿಲಿನ ಮರಕ್ಕೆ ಮಾತ್ರ 1992ರಿಂದ ಇರುವ ಕಟ್ಟುನಿಟ್ಟು ಬೇರೆಯೇ. ಅದಕ್ಕೆ ಈ ವಿನಾಯಿತಿ ಸಲ್ಲಲಿಲ್ಲ.

ಗಿಟಾರು ಮಾರಿದ ಮೇಲೆ ಈ ವೃದ್ಧರು ಕೈಕಟ್ಟಿ ಕುಳಿತರೆ? ಗಿಲ್ಮೋರರು 2024ರ ಸೆಪ್ಟೆಂಬರಿನಲ್ಲಿ, 78ನೆಯ ವಯಸ್ಸಿನಲ್ಲಿ, ಹೊಸ ಧ್ವನಿಮುದ್ರಿಕೆ ಹೊರತಂದು ರೋಮ್, ಲಂಡನ್, ನ್ಯೂಯಾರ್ಕುಗಳಲ್ಲಿ ಕಚೇರಿ ನಡೆಸಿದರು. ನಾಪ್ಲರರು ಹರಾಜು ಮುಗಿದ ಆರೇ ವಾರಕ್ಕೆ, 2024ರ ಮಾರ್ಚಿನಲ್ಲಿ, ಕ್ಯಾನ್ಸರ್ ಬಾಧಿತ ಎಳೆಯರ ಸಹಾಯಾರ್ಥವಾಗಿ ತಮ್ಮ ಹಳೆಯ ಕೃತಿಯೊಂದನ್ನು ಹತ್ತಾರು ವಾದಕರೊಡನೆ ಮತ್ತೆ ನುಡಿಸಿ ಬಿಡುಗಡೆ ಮಾಡಿದರು. ಕ್ಲಾಪ್ಟನ್ ಅದರಲ್ಲಿದ್ದಾರೆ, ಗಿಲ್ಮೋರರೂ ಇದ್ದಾರೆ. ಆರಂಭದ ಆಲಾಪ ಜೆಫ್ ಬೆಕ್ ಅವರದು. ಅವರು ಧ್ವನಿಮುದ್ರಿಸಿದ ಕೊನೆಯ ವಾದನ ಅದೇ.