ಬರಿಗಣ್ಣಿಗೆ ಕಾಣದ ಬೆಳಕು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ನೆನಪುಗಳನ್ನೇ ಬರೆಯಬೇಕೆಂದಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅರ್ಬುದರೋಗದ ನಿಮಿತ್ತ ಅವರ ಮೂತ್ರಕೋಶವನ್ನು ತೆಗೆಯಲಾಗಿತ್ತು. ಚೇತರಿಸಿಕೊಂಡ ಕೆಲವು ತಿಂಗಳಲ್ಲಿ ಎಡ ಮೂತ್ರಪಿಂಡ ಊದಿಕೊಂಡು, ಮತ್ತೊಮ್ಮೆ ಶಸ್ತ್ರಕ್ರಿಯೆಗೆ ಒಳಗಾಗಬೇಕಾಯಿತು. "ಮಾಷ್ಟ್ರೇ, ಹೊಲಿಗೆ ಸರಿಯಾಗಿಯೇ ಇತ್ತಂತೆ. ಮತ್ತೇಕೆ ನಾಳ ಮುಚ್ಚಿಕೊಂಡಿತು?" ಎಂದರು. ನಾನು ವೈದ್ಯನಲ್ಲ. ಓದಿ, ತಿಳಿದವರನ್ನು ಕೇಳಿ ಅರಿತುದನ್ನು ಇಲ್ಲಿ ನಿವೇದಿಸುತ್ತೇನೆ.

ಮೂತ್ರಕೋಶ ಹೋದ ಮೇಲೆ ಮೂತ್ರಕ್ಕೆ ಬೇರೆ ದಾರಿ ಬೇಕು. ಸಣ್ಣ ಕರುಳಿನ ಸುಮಾರು ೧೫ ಸೆಂಟಿಮೀಟರ್ ಉದ್ದದ ಭಾಗವನ್ನು ಅದರ ರಕ್ತನಾಳಗಳೊಡನೆ ಬೇರ್ಪಡಿಸಿ, ಎರಡೂ ಮೂತ್ರನಾಳಗಳನ್ನು ಅದಕ್ಕೆ ಜೋಡಿಸಿ, ಅದರ ಒಂದು ತುದಿಯನ್ನು ಹೊಟ್ಟೆಯ ಮೇಲೆ ತೆರೆಯುವುದು ರೂಢಿಯ ಪದ್ಧತಿಗಳಲ್ಲೊಂದು. ಮೂತ್ರನಾಳಕ್ಕೆ ರಕ್ತವು ಮೇಲಿನಿಂದಲೂ ಕೆಳಗಿನಿಂದಲೂ ಒದಗುತ್ತದೆ. ಕೆಳತುದಿಯನ್ನು ಕತ್ತರಿಸಿದೊಡನೆ ಆ ತುದಿ ಮೇಲಿನ ಪೂರೈಕೆಯನ್ನೇ ನಂಬಬೇಕು. ಅಡಿಕೆ ತೋಟದ ಕೊನೆಯ ಸಾಲಿಗೆ ನೀರು ತಲುಪದಿದ್ದರೆ ಮರ ಅಂದೇ ಒಣಗುವುದಿಲ್ಲವೆಂಬುದು ನಮ್ಮ ಊರಿನವರಿಗೆ ಗೊತ್ತು. ಹಾಗೆಯೇ ರಕ್ತ ಸಾಲದ ತುದಿಯೂ ಹೊಲಿಯುವಾಗ ಚೆನ್ನಾಗಿಯೇ ಕಾಣುತ್ತದೆ. ತಿಂಗಳುಗಳ ತರುವಾಯ ನಾರುಗಟ್ಟಿ ಕಿರಿದಾಗುತ್ತದೆ. ಎಡ ನಾಳವನ್ನು ಕರುಳಿನ ಹಿಂದಿನಿಂದ ಬಲಕ್ಕೆ ತರಬೇಕಾದುದರಿಂದ ಅಪಾಯ ಅದಕ್ಕೇ ಹೆಚ್ಚು.

ಈಗ ಈ ಶಸ್ತ್ರಕ್ರಿಯೆಯನ್ನು ರೋಬೋಟಿನ ಯಂತ್ರಹಸ್ತಗಳಿಂದಲೂ ಮಾಡುತ್ತಾರೆ. ವೈದ್ಯರು ದೂರದಲ್ಲಿ ಕುಳಿತು, ಮುಖ್ಯವಾಗಿ ಕಣ್ಣನ್ನೇ ನಂಬಿ ಕೆಲಸ ಮಾಡುವರು. ಆ ಕಣ್ಣಿಗೆ ನೆರವಾಗುವುದು ಇಂಡೋಸಯನೀನ್ ಗ್ರೀನ್ ಎಂಬ ವರ್ಣದ್ರವ್ಯ. ಛಾಯಾಗ್ರಹಣಕ್ಕೆ ಪ್ರಸಿದ್ಧವಾದ ಕೊಡಾಕ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಇದಕ್ಕೆ ೧೯೫೯ರಲ್ಲಿ ಅಮೆರಿಕದಲ್ಲಿ ರೋಗಿಗಳ ಮೇಲೆ ಬಳಸಲು ಅನುಮತಿ ದೊರೆಯಿತು. ರಕ್ತಕ್ಕೆ ಚುಚ್ಚಿದರೆ ಅದು ಅಲ್ಲಿಯ ಪ್ರೋಟೀನುಗಳಿಗೆ ಅಂಟಿಕೊಂಡು ರಕ್ತ ಹೋದಲ್ಲೆಲ್ಲ ಹೋಗುತ್ತದೆ. ಸುಮಾರು ೮೦೦ ನ್ಯಾನೋಮೀಟರ್ ತರಂಗದೂರದ ಅವಕೆಂಪು ಬೆಳಕನ್ನು ಹೀರಿ, ಸುಮಾರು ೮೩೦ರ ಬೆಳಕನ್ನು ಹೊರಸೂಸುತ್ತದೆ. ಇದೇ ಪ್ರತಿದೀಪ್ತಿ, ಇಂಗ್ಲಿಷಿನಲ್ಲಿ ಇದಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟವರು ಸ್ಟೋಕ್ಸ್, ೧೮೫೨ರಲ್ಲಿ. ಆ ಬೆಳಕು ಬರಿಗಣ್ಣಿಗೆ ಕಾಣದು. ಪರದೆಯ ಮೇಲಿನ ಹಸಿರು ಯಂತ್ರವೇ ಹಚ್ಚಿದ ಬಣ್ಣ. ಡಾ ವಿಂಚಿ ರೋಬೋಟಿನಲ್ಲಿ ಈ ವ್ಯವಸ್ಥೆಗೆ 'ಫೈರ್‌ಫ್ಲೈ', ಎಂದರೆ ಮಿಂಚುಹುಳು, ಎಂದು ಹೆಸರು. ಮಿಂಚುಹುಳು ತನ್ನ ಬೆಳಕನ್ನು ತಾನೇ ಉಂಟುಮಾಡುತ್ತದೆ, ಈ ದ್ರವ್ಯವಾದರೋ ಪಡೆದುದನ್ನು ಹಿಂದಿರುಗಿಸುತ್ತದೆ ಅಷ್ಟೆ. ವಿಜ್ಞಾನ ಪಾಠ ಮಾಡಿದವನಿಗೆ ಈ ಹೆಸರು ಒಪ್ಪಿಗೆಯಾಗದು.

ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ರಕ್ತವಿರುವ ಭಾಗ ಹಸಿರಾಗಿ ಹೊಳೆಯುತ್ತದೆ, ಇಲ್ಲದ ತುದಿ ಕಪ್ಪಾಗಿ ಉಳಿಯುತ್ತದೆ. ಆ ಕಪ್ಪು ತುದಿಯನ್ನು ಕತ್ತರಿಸಿ, ಹೊಳೆಯುವಲ್ಲಿಂದಲೇ ಹೊಲಿಗೆ ಹಾಕುವರು. ಕರುಳಿನ ತುಂಡನ್ನು ಆರಿಸುವಾಗಲೂ ಅದರ ರಕ್ತನಾಳಗಳನ್ನು ಹೀಗೆಯೇ ಗುರುತಿಸಬಹುದು. ದ್ರವ್ಯವನ್ನು ಯಕೃತ್ತು ಪಿತ್ತರಸದೊಡನೆ ಹೊರಹಾಕುತ್ತದೆ. ಅದರಲ್ಲಿ ಅಯೋಡಿನ್ ಅಂಶವಿರುವುದರಿಂದ, ಅದು ಒಗ್ಗದವರು ಮೊದಲೇ ತಿಳಿಸಬೇಕು.

೨೦೧೯ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ದ್ರವ್ಯ ಬಳಸದ ೧೩೨ ಮಂದಿಯಲ್ಲಿ ಶೇಕಡಾ ೧೦.೬ರಷ್ಟು ಜನರಿಗೆ ಜೋಡಣೆ ಕಿರಿದಾಯಿತು. ಬಳಸಿದ ೪೭ ಮಂದಿಯಲ್ಲಿ ಒಬ್ಬರಿಗೂ ಆಗಲಿಲ್ಲ. ಇದು ಹಳೆಯ ದಾಖಲೆಗಳ ಹೋಲಿಕೆ, ಸಂಖ್ಯೆಯೂ ಚಿಕ್ಕದು. ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಮೇಲಾಗಿ ಕತ್ತರಿಸಿದಷ್ಟೂ ನಾಳ ಗಿಡ್ಡವಾಗುತ್ತದೆ. ತೀರ ಗಿಡ್ಡವಾದರೆ ಕರುಳಿಗೆ ಎಟುಕದು.

ನನ್ನ ವಿದ್ಯಾರ್ಥಿಗೆ ಈ ಸೌಕರ್ಯ ದೊರೆತಿರಲಿಲ್ಲ. ಅವರಿಗೆ ನೋವೇನೂ ಇರಲಿಲ್ಲ. ಊತ ಕಂಡುಬಂದದ್ದು ಗೊತ್ತುಪಡಿಸಿದ ದಿನ ತಪ್ಪದೆ ಮಾಡಿಸಿಕೊಂಡ ಸ್ಕ್ಯಾನಿಂಗಿನಲ್ಲಿ. ಆದ್ದರಿಂದ ಮೂತ್ರಪಿಂಡ ಉಳಿಯಿತು.